ಧ್ರುವಾನ್ವೇಷಣೆಯ ಪರಂಪರೆ ಮತ್ತು ಯುವಜನರು

ಧ್ರುವಾನ್ವೇಷಣೆಯ ಪರಂಪರೆ ಎಂದರೆ ಉತ್ತರ ಮತ್ತು ದಕ್ಷಿಣ ಧ್ರುವ ಪ್ರದೇಶಗಳನ್ನು ಶೋಧಿಸಿದವರು ಬಿಟ್ಟುಹೋದ ಮರದ ಮನೆಗಳು, ಸಲಕರಣೆಗಳು, ದಿನಚರಿಗಳು, ಛಾಯಾಚಿತ್ರಗಳು, ಸ್ಮಾರಕ ಫಲಕಗಳು ಹಾಗೂ ಅವರ ಅನುಭವಕಥನಗಳು. ಊರಿನ ಗುಡಿಯನ್ನೋ ಕೋಟೆಯನ್ನೋ ಸುತ್ತಲಿನ ಜನ ನೋಡಿಕೊಳ್ಳಬಲ್ಲರು. ಶಾಶ್ವತ ಜನವಸತಿಯೇ ಇಲ್ಲದ ಅಂಟಾರ್ಕ್ಟಿಕ ಖಂಡದಲ್ಲಿ ಅಂತಹ ನೆರೆಹೊರೆಯಿಲ್ಲ. ಅಲ್ಲಿನ ಕುರುಹುಗಳು ಉಳಿಯಬೇಕಾದರೆ ದೂರದ ದೇಶಗಳಲ್ಲಿರುವ ಹೊಸ ತಲೆಮಾರು ಅವುಗಳನ್ನು ತಮ್ಮದೆಂದು ಭಾವಿಸಬೇಕಾಗುತ್ತದೆ.

ಹಿನ್ನೆಲೆ

ಎಳೆಯರಿಗೂ ಧ್ರುವಯಾತ್ರೆಗಳಿಗೂ ಇರುವ ನಂಟು ಹಳೆಯದು. 1910ರಲ್ಲಿ ಹೊರಟ ರಾಬರ್ಟ್ ಫಾಲ್ಕನ್ ಸ್ಕಾಟ್‌ನ ಯಾತ್ರೆಗೆ ಬ್ರಿಟನ್ನಿನ ಶಾಲಾ ಮಕ್ಕಳು ಹಣ ಕೂಡಿಸಿ ಗಿಡ್ಡ ಕುದುರೆಗಳು, ನಾಯಿಗಳು, ಜಾರುಬಂಡಿಗಳು ಮತ್ತು ಮಲಗುಚೀಲಗಳಿಗೆ ನೆರವಾದರು. 1921ರಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ ತನ್ನ ಕೊನೆಯ ಯಾತ್ರೆಯ 'ಕ್ವೆಸ್ಟ್' ಹಡಗಿಗೆ ಇಬ್ಬರು ಸ್ಕೌಟ್ ಬಾಲಕರನ್ನು ಆರಿಸಿಕೊಂಡನು. ಅವರಲ್ಲಿ ಒಬ್ಬನು ಕಡಲಬೇನೆಯಿಂದ ಬಳಲಿ ಮಡೈರಾ ದ್ವೀಪದಿಂದಲೇ ಮರಳಿದನು. ಇನ್ನೊಬ್ಬನಾದ ಜೇಮ್ಸ್ ಮಾರ್ ಯಾತ್ರೆಯನ್ನು ಪೂರೈಸಿ, ಮುಂದೆ ಸಾಗರ ಜೀವವಿಜ್ಞಾನಿಯಾದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ 'ಆಪರೇಷನ್ ಟ್ಯಾಬರಿನ್' ಎಂಬ ಗುಪ್ತ ಕಾರ್ಯಾಚರಣೆಯ ಮುಂದಾಳಾಗಿ, 1944ರಲ್ಲಿ ಪೋರ್ಟ್ ಲಾಕ್‌ರಾಯ್ ನೆಲೆಯನ್ನು ಸ್ಥಾಪಿಸಿದವನೂ ಇವನೇ. ಆ ನೆಲೆ ಈಗ ವಸ್ತುಸಂಗ್ರಹಾಲಯವಾಗಿದೆ. ಪ್ರತಿ ಬೇಸಿಗೆಯಲ್ಲಿ ಸಣ್ಣ ತಂಡವೊಂದು ಅಲ್ಲಿ ತಂಗಿ ಕಟ್ಟಡವನ್ನು ಕಾಯುತ್ತದೆ, ಅಂಚೆ ಕಚೇರಿ ನಡೆಸುತ್ತದೆ, ಪೆಂಗ್ವಿನ್‌ಗಳ ಎಣಿಕೆಯನ್ನೂ ಮಾಡುತ್ತದೆ.

ಮರದ ಮನೆಗಳ ರಕ್ಷಣೆ

ರಾಸ್ ಸಮುದ್ರದ ಅಂಚಿನಲ್ಲಿ ಸ್ಕಾಟ್ ಮತ್ತು ಶ್ಯಾಕಲ್ಟನ್ ತಂಡಗಳು ಕಟ್ಟಿದ ಮನೆಗಳು ಕೆಲವೇ ವರ್ಷಗಳ ಬಳಕೆಗೆಂದು ನಿರ್ಮಾಣಗೊಂಡವು. ಚಳಿಯೇ ಅವುಗಳನ್ನು ಕಾಪಾಡುತ್ತದೆ ಎಂಬ ನಂಬಿಕೆ ಅರ್ಧಸತ್ಯ ಮಾತ್ರ. ಗಾಳಿ ಹೊತ್ತು ತರುವ ಹಿಮ ಗೋಡೆಗೆ ಒತ್ತಿಕೊಳ್ಳುತ್ತದೆ, ಕರಗಿದ ನೀರು ನೆಲದಡಿ ಸೇರುತ್ತದೆ, ಉಪ್ಪಿನಿಂದ ಲೋಹ ತುಕ್ಕು ಹಿಡಿಯುತ್ತದೆ, ಮರಕ್ಕೆ ಬೂಷ್ಟು ಬರುತ್ತದೆ. ನ್ಯೂಜಿಲೆಂಡಿನಲ್ಲಿ 1987ರಲ್ಲಿ ಸ್ಥಾಪನೆಯಾದ ಅಂಟಾರ್ಕ್ಟಿಕ್ ಹೆರಿಟೇಜ್ ಟ್ರಸ್ಟ್ ಈ ಮನೆಗಳನ್ನು ದುರಸ್ತಿಗೊಳಿಸಿದೆ. ಕೇಪ್ ಇವಾನ್ಸ್‌ನ ಸ್ಕಾಟ್ ಮನೆಯೊಂದರಲ್ಲಿಯೇ ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಸಂಸ್ಕರಿಸಿ, ಮತ್ತೆ ಅವು ಇದ್ದ ಸ್ಥಳದಲ್ಲೇ ಇರಿಸಲಾಗಿದೆ. ಅಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ 22 ಛಾಯಾಚಿತ್ರ ನೆಗೆಟಿವ್‌ಗಳು ಸಿಕ್ಕ ಸಂಗತಿ 2013ರಲ್ಲಿ ಪ್ರಕಟವಾಯಿತು.

ಇದೇ ಸಂಸ್ಥೆ 2015ರಿಂದ ಯುವಜನರನ್ನು ಧ್ರುವಯಾತ್ರೆಗಳಿಗೆ ಕರೆದೊಯ್ಯುತ್ತಿದೆ. ಮೊದಲ ತಂಡ ಶ್ಯಾಕಲ್ಟನ್ ನಡೆದ ಹಾದಿಯಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪವನ್ನು ದಾಟಿತು. 2018ರ ತಂಡ ನಾನ್ಸೆನ್‌ನ 1888ರ ಸಾಹಸದ ನೆನಪಿನಲ್ಲಿ ಗ್ರೀನ್‌ಲೆಂಡ್ ಹಿಮಹಾಸನ್ನು ದಾಟಿತು. ಹಿಮದ ಮೇಲೆ ಜಾರುತ್ತ ಸಾಗುವುದಕ್ಕೂ ಸಂರಕ್ಷಣೆಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜವೇ. ಆಯ್ಕೆಯಾದವರು ಹಿಂದಿರುಗಿದ ಮೇಲೆ ತಮ್ಮ ಅನುಭವವನ್ನು ಶಾಲೆಗಳಿಗೆ, ಸಮುದಾಯಕ್ಕೆ ತಲುಪಿಸಬೇಕೆಂಬುದು ಈ ಯೋಜನೆಯ ಭಾಗ. ಮರದ ಮನೆಯನ್ನು ಕಣ್ಣಾರೆ ಕಾಣುವವರು ಕೆಲವರೇ ಆಗಿರುವುದರಿಂದ, ಯಾತ್ರೆಗಿಂತ ಈ ಭಾಗವೇ ಹೆಚ್ಚು ಮುಖ್ಯವೆನ್ನಬೇಕು.

ಭಾರತದ ಪರಂಪರೆ

ಸೈಯದ್ ಜಹೂರ್ ಖಾಸಿಂ ಅವರ ನೇತೃತ್ವದ 21 ಜನರ ಮೊದಲ ಭಾರತೀಯ ತಂಡವು 1981ರ ಡಿಸೆಂಬರ್ 6ರಂದು ಗೋವಾದ ಮರ್ಮಗೋವಾ ಬಂದರಿನಿಂದ ಹೊರಟು, 1982ರ ಜನವರಿ 9ರಂದು ಅಂಟಾರ್ಕ್ಟಿಕವನ್ನು ತಲುಪಿತು. ತಂಡದವರ ಹೆಸರುಗಳಿರುವ ಫಲಕವು ಅಂಟಾರ್ಕ್ಟಿಕ ಒಪ್ಪಂದದ ಐತಿಹಾಸಿಕ ತಾಣಗಳ ಪಟ್ಟಿಯಲ್ಲಿ 44ನೆಯದು. 1990ರ ಜನವರಿ 8ರಂದು ಪರ್ವತ ಶಿಬಿರದಲ್ಲಿ ನಡೆದ ಅಪಘಾತದಲ್ಲಿ ಮಡಿದ ನಾಲ್ವರು ಭಾರತೀಯರ ಸ್ಮಾರಕ ಫಲಕ 78ನೆಯದು. ಪಟ್ಟಿಯಲ್ಲಿರುವ ತಾಣಗಳನ್ನು ಕೆಡಿಸುವುದು, ಕದಲಿಸುವುದು ನಿಷಿದ್ಧ.

ಆದರೆ 1983–84ರಲ್ಲಿ ಹಿಮದ ಹಾಸಿನ ಮೇಲೆ ಕಟ್ಟಿದ 'ದಕ್ಷಿಣ ಗಂಗೋತ್ರಿ' ನಿಲ್ದಾಣಕ್ಕೆ ಈ ರಕ್ಷಣೆ ಏನೂ ಮಾಡಲಾರದು. ವರ್ಷದಿಂದ ವರ್ಷಕ್ಕೆ ಹಿಮ ಅದನ್ನು ಮುಚ್ಚುತ್ತ ಬಂದುದರಿಂದ ನಿಲ್ದಾಣವನ್ನು ಕೈಬಿಡಬೇಕಾಯಿತು. ಅದರ ಕೆಲಸವನ್ನು ಬಂಡೆನೆಲದ ಮೇಲಿನ 'ಮೈತ್ರಿ' ವಹಿಸಿಕೊಂಡಿತು. ಕಟ್ಟಡ ಕೈಗೆ ಸಿಗದಿರುವಾಗ ಉಳಿಯುವುದು ವರದಿಗಳು, ಚಿತ್ರಗಳು ಮತ್ತು ಅಲ್ಲಿ ಚಳಿಗಾಲ ಕಳೆದವರ ಮಾತು. ಆ ಪೀಳಿಗೆ ಈಗ ಮುಪ್ಪಿನಲ್ಲಿದೆ. ಅವರ ಮಾತುಗಳನ್ನು ಧ್ವನಿಮುದ್ರಿಸಿ, ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಹೆಚ್ಚು ಕಾಲಾವಕಾಶವಿಲ್ಲ. ವಿದ್ಯಾರ್ಥಿಗಳು ಮಾಡಬಹುದಾದ, ಖರ್ಚಿಲ್ಲದ ಸಂರಕ್ಷಣೆಯೂ ಇದೇ.

ಗದಗ ಸೀಮೆಯಿಂದ

ಭಾರತದ ಧ್ರುವಯಾತ್ರೆಗಳನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿರುವುದು ಗೋವಾದ ವಾಸ್ಕೋದಲ್ಲಿ. ರೋಣ ತಾಲೂಕಿನ ಹೊಳೆಆಲೂರಿನಿಂದ ಗದಗ, ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ಅಲ್ಲಿಯವರೆಗೆ ಹಳಿಯಿದೆ. ರೋಣ, ನರಗುಂದ, ಗಜೇಂದ್ರಗಡದ ಮಕ್ಕಳಿಗೆ ಅಂಟಾರ್ಕ್ಟಿಕ ಪುಸ್ತಕದ ಹೆಸರಾದರೂ ಅದರ ಬಾಗಿಲು ಅಷ್ಟು ದೂರವಿಲ್ಲ. ಸಂರಕ್ಷಣೆಯ ಪಾಠಕ್ಕಂತೂ ಊರು ಬಿಡಬೇಕಾಗಿಲ್ಲ. ವಸ್ತುವನ್ನು ಕದಲಿಸದೆ ಇದ್ದ ಸ್ಥಳವನ್ನು ಗುರುತಿಸುವುದು, ಅಳೆಯುವುದು, ಚಿತ್ರ ತೆಗೆಯುವುದು, ಬಲ್ಲವರನ್ನು ಕೇಳಿ ಬರೆದುಕೊಳ್ಳುವುದು — ಕೇಪ್ ಇವಾನ್ಸ್‌ನ ಈ ಕ್ರಮವೇ ಸೂಡಿಯ ನಾಗಕುಂಡಕ್ಕೂ ಗಜೇಂದ್ರಗಡದ ಕೋಟೆಗೂ ಸಲ್ಲುತ್ತದೆ. ನರಗುಂದದ ಗುಡ್ಡದ ಮೇಲಿನ ಕೋಟೆ ಬಹುಮಟ್ಟಿಗೆ ಪಾಳುಬಿದ್ದಿದ್ದರೂ 1858ರ ಬಾಬಾಸಾಹೇಬರ ಬಂಡಾಯ ಜನರ ಬಾಯಲ್ಲಿ ಉಳಿದಿದೆ. ದಕ್ಷಿಣ ಗಂಗೋತ್ರಿಯನ್ನು ಹಾಗೆ ನೆನೆಯುವ ಊರೊಂದಿಲ್ಲ.

ಅಂಚೆಚೀಟಿ ಸಂಗ್ರಹಿಸುವ ಎಳೆಯರಿಗೆ ಇನ್ನೊಂದು ದಾರಿಯಿದೆ. ದಕ್ಷಿಣ ಗಂಗೋತ್ರಿಯಲ್ಲಿ ಆರಂಭವಾದ ಭಾರತೀಯ ಅಂಚೆ ಸೇವೆ ಮುಂದೆ ಮೈತ್ರಿಗೆ ಸ್ಥಳಾಂತರಗೊಂಡಿತು. 2024ರ ಏಪ್ರಿಲ್‌ನಲ್ಲಿ 'ಭಾರತಿ' ನಿಲ್ದಾಣದಲ್ಲಿಯೂ ಅಂಚೆ ಕಚೇರಿ ತೆರೆಯಿತು. ಅಲ್ಲಿನ ಮುದ್ರೆ ಬಿದ್ದ ಲಕೋಟೆಗಳನ್ನು ಸಂಗ್ರಾಹಕರು ಜತನದಿಂದ ಇಟ್ಟುಕೊಳ್ಳುತ್ತಾರೆ.