ಹತ್ತಕ್ಕೆ ಹತ್ತೂ ಸರಿ ಹೇಳುವ ‘ಎಐ’

ಈಗ ಮಹಾರಾಷ್ಟ್ರದಲ್ಲಿರುವ ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವು. ಅಲ್ಲಿಯೂ ಪಕ್ಕದ ಉಮರ್ಗಾದಲ್ಲೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎನ್ನುವ ಕುಟುಂಬಗಳು ಈಗಲೂ ಇವೆ. ಫೋನಿಗೆ ಬರುವ ಕ್ರಿಕೆಟ್ ಬೆಟ್ಟಿಂಗ್ ಆಮಿಷಕ್ಕೆ ಮಾತ್ರ ಗಡಿಯಿಲ್ಲ: ‘ನಮ್ಮ ಎಐ ಹೇಳಿದ ತಂಡವೇ ಗೆಲ್ಲುತ್ತದೆ, ಬೇಕಾದರೆ ಪರೀಕ್ಷಿಸಿ.’

ಈ ಪರೀಕ್ಷೆಯಲ್ಲಿ ಪಾಸಾಗಲು ಎಐ ಬೇಕಾಗಿಯೇ ಇಲ್ಲ. ಒಬ್ಬ ವಂಚಕನ ಬಳಿ 1,024 ಫೋನ್ ನಂಬರುಗಳಿವೆ ಎನ್ನಿ. ಅರ್ಧ ಜನರಿಗೆ ಒಂದು ತಂಡ ಗೆಲ್ಲುತ್ತದೆ ಎಂದು ಕಳಿಸುತ್ತಾನೆ, ಉಳಿದರ್ಧಕ್ಕೆ ಇನ್ನೊಂದು ತಂಡ ಎಂದು. ಪಂದ್ಯ ಮುಗಿದ ಮೇಲೆ ತಪ್ಪು ಸಂದೇಶ ಹೋದ 512 ಜನರನ್ನು ಕೈಬಿಟ್ಟು, ಉಳಿದವರನ್ನು ಮತ್ತೆ ಎರಡು ಪಾಲು ಮಾಡುತ್ತಾನೆ. ಐದು ಪಂದ್ಯಗಳಾದಾಗ 32 ಜನ ಉಳಿಯುತ್ತಾರೆ, ಹತ್ತು ಪಂದ್ಯಗಳಾದಾಗ ಒಬ್ಬ. ಹತ್ತಕ್ಕೆ ಹತ್ತೂ ನಿಜವಾದದ್ದನ್ನು ಕಣ್ಣಾರೆ ಕಂಡ ಆ ಒಬ್ಬ, ಸೋಯಾಬೀನ್ ಮಾರಿ ತಂದ ದುಡ್ಡನ್ನು ತಾನಾಗಿಯೇ ಕೊಡುತ್ತಾನೆ. ಬಿಟ್ಟುಹೋದ 1,023 ಜನ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ನಿಜವಾದ ಮುನ್ಸೂಚನಾ ವಿಜ್ಞಾನ ಇಷ್ಟು ಧೈರ್ಯದ ಮಾತಾಡುವುದಿಲ್ಲ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಸ್ಕಾಟ್ ಬ್ರೂಕರ್, ಶೇಮಸ್ ಹೋಗನ್ ರೂಪಿಸಿದ ‘ವಾಸ್ಪ್’ ಎಂಬ ಕ್ರಿಕೆಟ್ ಲೆಕ್ಕಾಚಾರ 2012ರಲ್ಲಿ ಟಿವಿ ಪರದೆಗೆ ಬಂತು. ಉಳಿದ ಚೆಂಡು, ಉಳಿದ ವಿಕೆಟ್, ಹಳೆಯ ಪಂದ್ಯಗಳ ಅಂಕಿಅಂಶ ನೋಡಿ ಅದು ಗೆಲುವಿನ ಸಾಧ್ಯತೆಯನ್ನಷ್ಟೇ ಹೇಳುತ್ತದೆ. ಈಗಿನ ಎಐ ಮಾದರಿಗಳು ಇನ್ನೂ ಹೆಚ್ಚು ದತ್ತಾಂಶ ಅರೆದು ಕುಡಿದಿದ್ದರೂ ಕೊಡುವುದು ಅದನ್ನೇ. 2024ರ ಟಿ20 ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ದಕ್ಷಿಣ ಆಫ್ರಿಕಾಕ್ಕೆ 30 ಚೆಂಡಿಗೆ 30 ರನ್ ಸಾಕಿತ್ತು, ಆರು ವಿಕೆಟ್ ಕೈಯಲ್ಲಿದ್ದವು. ಭಾರತ ಏಳು ರನ್ನಿನಿಂದ ಗೆದ್ದಿತು. ನೂರಕ್ಕೆ ತೊಂಬತ್ತು ಸಾಧ್ಯತೆ ಎಂದರೆ ಹತ್ತರಲ್ಲಿ ಒಮ್ಮೆ ಸೋಲೂ ಉಂಟು ಎಂದೇ ಅರ್ಥ.

ಇನ್ನು ಬುಕ್ಕಿಯ ಲೆಕ್ಕ. ಸಮಬಲದ ತಂಡಗಳಿಗೆ ಅವನು ತಲಾ 1.90 ದರ ಕೊಟ್ಟರೆ, ನೂರು ಕಟ್ಟಿ ಗೆದ್ದವನಿಗೆ 190 ಸಿಗುತ್ತದೆ. ಎರಡು ಬಾರಿ ಕಟ್ಟಿ ಒಮ್ಮೆ ಗೆದ್ದರೆ ಹೋದದ್ದು 200, ಬಂದದ್ದು 190. ಅಸಲು ಉಳಿಯಬೇಕಾದರೂ ನೂರಕ್ಕೆ 52.6ಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ಆ ದರ ಕಟ್ಟುವವರ ಬಳಿ ಕಂಪ್ಯೂಟರುಗಳಿಲ್ಲವೇ? ನಿಮ್ಮ ಫೋನಿನ ‘ಎಐ’ ಆ್ಯಪ್‌ಗೆ ಗೊತ್ತಿರುವುದೆಲ್ಲ ಆ ದರದೊಳಗೆ ಆಗಲೇ ಸೇರಿರುತ್ತದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು ವಿಧಿಸುತ್ತದೆ. ಇಂಥ ಜಾಲದಲ್ಲಿ ದುಡ್ಡು ಕಳೆದುಕೊಂಡರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.