ರಿಪೇರಿಗೆ ಬಿಟ್ಟ ಗಾಡಿ, ಬಾಕಿ ಬಿಲ್ಲು



“ಗಾಡಿ ನನ್ನದು, ಆರ್.ಸಿ. ನನ್ನ ಹೆಸರಿನಲ್ಲಿದೆ, ಗ್ಯಾರೇಜಿನವನು ಅದನ್ನು ಹೇಗೆ ಇಟ್ಟುಕೊಳ್ಳುತ್ತಾನೆ?” ಎಂಬ ಪ್ರಶ್ನೆಯೊಡನೆ ಸಂಘದ ಕಚೇರಿಗೆ ಬರುವವರು ಪ್ರತಿವರ್ಷ ಇಬ್ಬರು ಮೂವರಾದರೂ ಇರುತ್ತಾರೆ. ಜೀಪು, ಪಿಕಪ್ಪು ಮಾತ್ರವಲ್ಲ, ಬೋರ್ಡೋ ಹೊಡೆಯುವ ಹೊತ್ತಿಗೆ ಸರಿಯಾಗಿ ಪವರ್ ಸ್ಪ್ರೇಯರ್ ಕೂಡ ಹೀಗೆ ಅಂಗಡಿಯಲ್ಲೇ ಉಳಿಯುವುದುಂಟು. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಕೇಳಿದವನೇ.

ಅರೇಬಿಕಾ ಕೊಯ್ಲಿನ ನಡುವೆ ನನ್ನ ಜೀಪಿನ ಗೇರ್ ಬಾಕ್ಸ್ ಕೆಟ್ಟಿತು. ಒಂಬತ್ತು ಸಾವಿರವೆಂದು ಮಾತಾಗಿ, ಬಿಲ್ಲೂ ಅಷ್ಟೇ ಬಂತು. ಹಣ ಹಿಡಿದು ಹೋದಾಗ ಗ್ಯಾರೇಜಿನ ಮಾಲೀಕರು, “ಹೋದ ವರ್ಷದ ಟಿಲ್ಲರಿನ ಮೂರು ಸಾವಿರ ಬಾಕಿಯನ್ನೂ ಕೊಟ್ಟು ಒಯ್ಯಿರಿ” ಎಂದರು. ಮಾತಿಗೆ ಮಾತು ಬೆಳೆಯಿತು. ಮನೆಗೆ ಬಂದವನೇ ಎರಡನೆಯ ಕೀಲಿ ಹುಡುಕಿ, ರಾತ್ರಿ ಡ್ರೈವರನನ್ನು ಕಳುಹಿಸಿ ಗಾಡಿ ತರಿಸುವುದೆಂದು ನಿಶ್ಚಯಿಸಿದೆ. ಪುಣ್ಯಕ್ಕೆ ಆ ಸಂಜೆ ವಕೀಲ ಮಿತ್ರರೊಬ್ಬರು ಸಿಕ್ಕಿದರು.

ಅವರು ಹೇಳಿದ್ದು ಇಷ್ಟು. 1872ರ ಭಾರತೀಯ ಕರಾರು ಕಾಯಿದೆಯ 170ನೆಯ ಕಲಮಿನಂತೆ, ಒಬ್ಬರ ವಸ್ತುವಿನ ಮೇಲೆ ಒಪ್ಪಿದ ಪ್ರಕಾರ ಶ್ರಮವನ್ನೋ ಕುಶಲತೆಯನ್ನೋ ಹಾಕಿದವನು ತನ್ನ ಪ್ರತಿಫಲ ಕೈಸೇರುವವರೆಗೆ ಆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು. ವಕೀಲರು ಇದನ್ನೇ ಲಿಯನ್ ಎನ್ನುತ್ತಾರೆ. ಗಾಡಿ ನಮ್ಮದೇ, ಅದರಲ್ಲಿ ಸಂಶಯವಿಲ್ಲ. ಆದರೆ ಸ್ವಾಧೀನ ಸದ್ಯಕ್ಕೆ ಅವನದು.

ಕಳ್ಳತನದಿಂದ ತಂದರೆ? 1860ರ ದಂಡ ಸಂಹಿತೆಯಲ್ಲಿ ಕಳವು ಎಂದರೇನೆಂದು ವಿವರಿಸುವಲ್ಲಿ ಒಂದು ಗಡಿಯಾರದ ಉದಾಹರಣೆಯಿತ್ತು. ರಿಪೇರಿ ಹಣ ಕೊಡದೆ, ಅದಕ್ಕೆ ಭದ್ರತೆಯಾಗಿ ಇಟ್ಟುಕೊಂಡ ತನ್ನದೇ ಗಡಿಯಾರವನ್ನು ಅಂಗಡಿಯವನಿಂದ ಎತ್ತಿಕೊಂಡು ಬಂದವನು ಕಳವು ಮಾಡಿದಂತೆಯೇ! 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲೂ ಕಳವಿನ ಅರ್ಥ ಅದೇ. ನನ್ನ ಡ್ರೈವರನೂ ನಾನೂ ಠಾಣೆಯ ಬೆಂಚಿನ ಮೇಲೆ ಕೂರುವುದು ತಪ್ಪಿತು.

ಆದರೆ ಈ ಹಕ್ಕಿಗೆ ಎಲ್ಲೆಗಳಿವೆ. ನಮ್ಮವರಿಗೆ ತಿಳಿಯದಿರುವುದು ಇವೇ. ಯಾವ ವಸ್ತುವಿನ ಮೇಲೆ ಕೆಲಸವಾಯಿತೋ ಆ ಕೆಲಸದ ಹಣಕ್ಕೆ ಮಾತ್ರ ಆ ವಸ್ತುವನ್ನು ಹಿಡಿಯಬಹುದು. ಟಿಲ್ಲರಿನ ಬಾಕಿಗೆ ಜೀಪನ್ನು ಹಿಡಿಯುವಂತಿಲ್ಲ. ಹಳೆಯ ಬಾಕಿಗೆಲ್ಲ ಕೈಲಿರುವ ವಸ್ತುವನ್ನು ಹಿಡಿಯುವ ಸಾಮಾನ್ಯ ಹಕ್ಕನ್ನು 171ನೆಯ ಕಲಮು ಬ್ಯಾಂಕಿನವರೇ ಮೊದಲಾದ ಕೆಲವರಿಗೆ ಕೊಟ್ಟಿದೆ. ಬೇರೆಯವರಿಗೆ ಅದು ಸ್ಪಷ್ಟ ಕರಾರಿದ್ದರೆ ಮಾತ್ರ. ರಿಪೇರಿಯಾದ ಟಿಲ್ಲರನ್ನು ಹಿಂದಕ್ಕೆ ಕೊಟ್ಟ ದಿನವೇ ಅದರ ಮೇಲಿನ ಹಿಡಿತವೂ ಹೋಯಿತು. ಸಾಲವೇನೋ ಉಳಿದೇ ಇರುತ್ತದೆ. ಅದಕ್ಕೆ ಅವನು ದಾವಾ ಹೂಡಬೇಕು, ಸಾಮಾನ್ಯವಾಗಿ ಮೂರು ವರ್ಷದೊಳಗೆ.

ನಮ್ಮಂಥವರಿಗೆ ಹೆಚ್ಚು ಉಪಯೋಗದ ಮಾತೊಂದು ಕಾಯಿದೆಯ ದರ್ಜಿಯ ಉದಾಹರಣೆಯಲ್ಲಿದೆ. ಕೋಟು ಹೊಲಿದ ಕೂಡಲೆ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳ ಗಡುವು ಎಂದು ಒಪ್ಪಿದ ದರ್ಜಿ, ಆಮೇಲೆ ಹಣ ಬರುವವರೆಗೆ ಕೋಟು ಇಟ್ಟುಕೊಳ್ಳುವಂತಿಲ್ಲ. “ಕೊಯ್ಲು ಮುಗಿದ ಮೇಲೆ ಕೊಡಿ, ಗಾಡಿ ಒಯ್ಯಿರಿ” ಎಂದ ಗ್ಯಾರೇಜಿನವನಿಗೂ ಇದೇ ನ್ಯಾಯ. ಬಾಯಿಮಾತಾದರೆ ರುಜುವಾತು ಕಷ್ಟ. ಜಾಬ್ ಕಾರ್ಡಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಬರೆಸುವಾಗ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನೂ ಓದಿ. ನಿಲುಗಡೆ ಬಾಡಿಗೆ, ಹಳೆ ಬಾಕಿ ಎಲ್ಲಕ್ಕೂ ನೀವು ಸಹಿ ಹಾಕಿಬಿಟ್ಟಿರಬಹುದು. ಹಾಗೆ ಒಪ್ಪದಿದ್ದರೆ ಬಾಡಿಗೆಯ ಮಾತು ಬೇರೆ. 1860ರಷ್ಟು ಹಿಂದೆಯೇ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಹಡಗೊಂದರ ರಿಪೇರಿ ಮೊಕದ್ದಮೆಯಲ್ಲಿ, ತನ್ನ ಅನುಕೂಲಕ್ಕೆ ಹಿಡಿದಿಟ್ಟುಕೊಂಡವನು ಇಟ್ಟುಕೊಂಡದ್ದಕ್ಕೆ ಬಾಡಿಗೆ ಕೇಳಲಾಗದು ಎಂದು ತೀರ್ಮಾನಿಸಿತ್ತು.

ಹಿಡಿದಿಟ್ಟವನು ಗಾಡಿಯನ್ನು ಮಾರುವಂತಿಲ್ಲ. ನೋಟೀಸು ಕೊಟ್ಟು ಮಾರುವ ಹಕ್ಕು ಗಿರವಿ ಹಿಡಿದವನಿಗೆ, 176ನೆಯ ಕಲಮಿನಲ್ಲಿ, ಮೆಕ್ಯಾನಿಕನಿಗಲ್ಲ. ಗಾಡಿಯನ್ನು ತನ್ನ ಕೆಲಸಕ್ಕೆ ಓಡಿಸುವಂತೆಯೂ ಇಲ್ಲ. ಮಳೆಗೆ ಬಿಟ್ಟು ಹಾಳುಗೆಡವಿದರೆ ಹೊಣೆ ಅವನದು.

ಹಾಗಾದರೆ ತಕರಾರು ಬಂದಾಗ ಮಾಡುವುದೇನು? ನ್ಯಾಯವಾಗಿ ಕೊಡಬೇಕಾದ ಮೊತ್ತವನ್ನು ಪೂರ್ತಿಯಾಗಿ, ಸಾಕ್ಷಿಯ ಎದುರು, ಕೊಡಲು ಮುಂದೆ ಚಾಚಬೇಕು. ನಿರಾಕರಿಸಿದರೆ ಅಂದಿನಿಂದ ಅವನ ಹಿಡಿತ ಅಕ್ರಮವಾಗುತ್ತದೆ. ಲೆಕ್ಕದಲ್ಲೇ ವ್ಯಾಜ್ಯವಿದ್ದು ಗಾಡಿ ತುರ್ತಾಗಿ ಬೇಕಿದ್ದರೆ, ‘ಆಕ್ಷೇಪಣೆಯೊಂದಿಗೆ ಕೊಟ್ಟಿದೆ’ ಎಂದು ಬರೆದು, ಹಣ ಕೊಟ್ಟು, ರಸೀದಿ ಪಡೆದು ಗಾಡಿ ತಂದುಬಿಡಿ. ಹೆಚ್ಚು ಕೊಟ್ಟದ್ದಕ್ಕೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗಬಹುದು.

ನಾನು ಮರುದಿನ ನೆರೆಯವರೊಬ್ಬರನ್ನು ಕರೆದುಕೊಂಡು ಒಂಬತ್ತು ಸಾವಿರದೊಡನೆ ಹೋದೆ. ತೆಗೆದುಕೊಳ್ಳಲಿಲ್ಲ. ವಕೀಲರ ಒಂದು ಪುಟದ ಕಾಗದ ಹೋಯಿತು. ಮೂರನೆಯ ದಿನ ಜೀಪು ಬಂತು. ಅಷ್ಟರಲ್ಲಿ ಆ ದಿನಗಳ ಹಣ್ಣನ್ನು ಪಕ್ಕದ ಎಸ್ಟೇಟಿನ ಪಲ್ಪರಿಗೆ ಸಾಗಿಸಲಾಗದೆ, ಪಾರ್ಚ್‌ಮೆಂಟ್ ಆಗಬೇಕಾದದ್ದನ್ನು ಚೆರ್ರಿಯಾಗಿಯೇ ಕಣದಲ್ಲಿ ಹರವಿದ್ದಾಯಿತು. ಆ ನಷ್ಟ ಮೂರು ಸಾವಿರಕ್ಕಿಂತ ಎಷ್ಟೋ ಹೆಚ್ಚು.

ಟಿಲ್ಲರಿನ ಬಾಕಿ ಇದ್ದದ್ದು ನಿಜವೇ. ಹಳೆಯ ಡೈರಿ ತೆಗೆದು ನೋಡಿದಾಗ ನನ್ನ ಕೈಬರಹದಲ್ಲೇ ಇತ್ತು. ಕೊಯ್ಲು ಮುಗಿದ ಮೇಲೆ ಕೊಟ್ಟು ಬಂದೆ. ಮಾಲೀಕರು ಕಾಫಿ ತರಿಸಿದರು, ರಸೀದಿ ಬರೆದುಕೊಟ್ಟರು. ಈಗಲೂ ಜೀಪು ಅಲ್ಲಿಗೇ ಹೋಗುತ್ತದೆ.