ಬಾಚಣಿಗೆಯ ವಿದ್ಯುತ್ತು ಹಾಡಿದಾಗ

ಒಣಗಿದ ಕೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ನಾಲ್ಕು ಸಲ ಬಾಚಿ, ಅದನ್ನು ಕಾಗದದ ಚೂರುಗಳ ಬಳಿ ಹಿಡಿದರೆ ಚೂರುಗಳು ಹಾರಿ ಬಂದು ಅಂಟಿಕೊಳ್ಳುತ್ತವೆ. ಈ ಪ್ರಯೋಗ ಮಾಡದ ವಿದ್ಯಾರ್ಥಿ ಇರಲಾರ. ಸ್ಥಾಯೀ ವಿದ್ಯುತ್ತಿನ ಪಾಠ ಇಲ್ಲಿಂದ ಶುರುವಾಗಿ, ವಿದ್ಯುದ್ದರ್ಶಕದ ಚಿತ್ರ ಬರೆದು, ಸಿಡಿಲಿನ ಬಗ್ಗೆ ಎರಡು ಮಾತು ಹೇಳುವಷ್ಟರಲ್ಲಿ ಮುಗಿದುಹೋಗುತ್ತದೆ. ‘ಇದರಿಂದ ಏನು ಉಪಯೋಗ ಸಾರ್?’ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಬರುವುದೂ ಆಗಲೇ. ಜೆರಾಕ್ಸ್ ಯಂತ್ರ, ಕಾರ್ಖಾನೆಯ ಹೊಗೆಯಿಂದ ಬೂದಿ ಹಿಡಿಯುವ ಸಾಧನ, ಕಾರಿಗೆ ಬಣ್ಣ ಎರಚುವ ಯಂತ್ರ ಎಂದು ಹಲವು ಉತ್ತರಗಳಿವೆ. ಎಲ್ಲಕ್ಕಿಂತ ಸೊಗಸಾದ ಉತ್ತರವೊಂದನ್ನು ಕಿವಿಗೇ ಹಾಕಿಕೊಳ್ಳಬಹುದು. ಅದೇ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್.

ಅಯಸ್ಕಾಂತದ ದಾರಿ, ಆವೇಶದ ದಾರಿ

ಮಕ್ಕಳ ಕಿವಿಯಲ್ಲಿರುವ ಸಾಮಾನ್ಯ ಇಯರ್‌ಫೋನಿನಿಂದ ಹಿಡಿದು ಮದುವೆ ಮನೆಯ ಸ್ಪೀಕರಿನವರೆಗೆ ಹೆಚ್ಚಿನವುಗಳ ವ್ಯವಸ್ಥೆ ಒಂದೇ. ತಂತಿಯ ಸುರುಳಿಯೊಂದು ಅಯಸ್ಕಾಂತದ ಮುಂದೆ ತೂಗುತ್ತಿರುತ್ತದೆ. ಸುರುಳಿಗೆ ಒಂದು ಪೊರೆ ಅಂಟಿರುತ್ತದೆ. ಸುರುಳಿಯಲ್ಲಿ ಹಾಡಿಗೆ ತಕ್ಕಂತೆ ವಿದ್ಯುತ್ ಹರಿದಾಗ ಅದು ಹಿಂದೆ ಮುಂದೆ ಚಲಿಸಿ ಪೊರೆಯನ್ನೂ ಎಳೆದಾಡುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರು.

ಇದರಲ್ಲಿ ಒಂದು ಸಣ್ಣ ತೊಡಕಿದೆ. ತಂತಿಯ ಸುರುಳಿ ಭಾರ. ಜೊತೆಗೆ ಬಲ ಬೀಳುವುದು ಸುರುಳಿ ಅಂಟಿರುವ ಜಾಗದಲ್ಲಿ ಮಾತ್ರ. ಜಮಖಾನೆಯನ್ನು ಒಂದೇ ಕಡೆ ಹಿಡಿದು ಕೊಡವಿ ನೋಡಿ. ಕೈಯ ಹತ್ತಿರದ ಭಾಗ ಮೊದಲು ಏಳುತ್ತದೆ, ಅಂಚುಗಳು ಆಮೇಲೆ ತಮಗೆ ತೋಚಿದಂತೆ ಬಡಿದುಕೊಳ್ಳುತ್ತವೆ. ಪೊರೆಯೂ ವೇಗದ ಕಂಪನಗಳಲ್ಲಿ ಹೀಗೇ ಮಾಡುತ್ತದೆ.

ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿನಲ್ಲಿ ಸುರುಳಿಯೂ ಇಲ್ಲ, ಅಯಸ್ಕಾಂತವೂ ಇಲ್ಲ. ತೂತುಗಳಿರುವ ಎರಡು ಲೋಹದ ತಟ್ಟೆಗಳು ಎದುರುಬದುರಾಗಿರುತ್ತವೆ. ಅವುಗಳ ನಡುವೆ ಅತಿ ತೆಳುವಾದ ಪಾಲಿಯೆಸ್ಟರ್ ಹಾಳೆಯೊಂದನ್ನು ಬಿಗಿದಿರುತ್ತಾರೆ. ಹಾಳೆಯಿಂದ ತಟ್ಟೆಗೆ ಇರುವ ಅಂತರ ಸುಮಾರು ಅರ್ಧ ಮಿಲಿಮೀಟರ್. ಹಾಳೆಗೆ ನೂರಾರು ವೋಲ್ಟ್‌ಗಳ ಸ್ಥಿರ ವಿಭವ ಕೊಟ್ಟು ಅದನ್ನು ಆವೇಶಗೊಳಿಸುತ್ತಾರೆ. ಜಪಾನಿನ ಸ್ಟ್ಯಾಕ್ಸ್ ಕಂಪನಿಯ ಹಳೆಯ ಮಾದರಿಗಳಲ್ಲಿ ಇದು 230 ವೋಲ್ಟ್, ಅನಂತರದ ‘ಪ್ರೊ’ ಮಾದರಿಗಳಲ್ಲಿ 580 ವೋಲ್ಟ್. ಹಾಡಿನ ಸಂಕೇತ ಹೋಗುವುದು ತಟ್ಟೆಗಳಿಗೆ. ಒಂದು ತಟ್ಟೆ ಧನವಾದಾಗ ಇನ್ನೊಂದು ಋಣ. ಹೀಗಾಗಿ ಒಂದು ತಳ್ಳುತ್ತದೆ, ಮತ್ತೊಂದು ಸೆಳೆಯುತ್ತದೆ, ಅದೂ ಹಾಳೆಯ ಪ್ರತಿಯೊಂದು ಬಿಂದುವಿನಲ್ಲೂ ಏಕಕಾಲಕ್ಕೆ. ಕಾಗದದ ಚೂರನ್ನು ಎತ್ತಿದ ಬಾಚಣಿಗೆಯ ಕೆಲಸವೇ ಇಲ್ಲಿ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ.

ಹಾಳೆ ಎಷ್ಟು ಹಗುರ? ಲೆಕ್ಕ ಹಾಕೋಣ. ದಪ್ಪ ಒಂದೂವರೆ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೂವರೆ ಭಾಗ ಎಂದಿಟ್ಟುಕೊಳ್ಳಿ. ಪಾಲಿಯೆಸ್ಟರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1390 ಕಿಲೋಗ್ರಾಂ, ಗಾಳಿಯದು ಸುಮಾರು 1.2. ಭಾಗಿಸಿ, ದಪ್ಪದಿಂದ ಗುಣಿಸಿದರೆ ಸುಮಾರು 1.7 ಮಿಲಿಮೀಟರ್ ಬರುತ್ತದೆ. ಅಂದರೆ ಹಾಳೆಯ ತೂಕ, ಅದರ ಮುಂದಿರುವ 1.7 ಮಿಲಿಮೀಟರ್ ದಪ್ಪದ ಗಾಳಿಯ ಪದರದ ತೂಕಕ್ಕೆ ಸಮ! ಹಾಳೆ ಗಾಳಿಯನ್ನು ಅಲುಗಿಸುತ್ತದೆ ಎನ್ನುವುದಕ್ಕಿಂತ ಗಾಳಿಯ ಜೊತೆ ತಾನೂ ಅಲುಗುತ್ತದೆ ಎನ್ನುವುದೇ ಸರಿ.

ಆವೇಶ ಓಡದಂತೆ ಕಾವಲು

ಇಲ್ಲಿ ಒಂದು ಸೂಕ್ಷ್ಮವಿದೆ. ತಟ್ಟೆಗಳ ನಡುವಿನ ವಿದ್ಯುತ್ ಕ್ಷೇತ್ರ ಎಲ್ಲ ಕಡೆಯೂ ಒಂದೇ ಸಮ. ಹಾಳೆಯ ಮೇಲಿನ ಆವೇಶ ಬದಲಾಗದಿದ್ದರೆ, ಅದು ಎಲ್ಲಿದ್ದರೂ ಅದರ ಮೇಲಿನ ಬಲ ಸಂಕೇತಕ್ಕೆ ಸರಿಯಾಗಿ ಅನುಪಾತದಲ್ಲಿರುತ್ತದೆ. ಆದರೆ ಹಾಳೆ ಒಂದು ತಟ್ಟೆಯತ್ತ ಸರಿದಾಗ ಧಾರಕತೆ ಹೆಚ್ಚಿ, ಹೊಸ ಆವೇಶ ಒಳಗೆ ನುಗ್ಗಲು ನೋಡುತ್ತದೆ. ಅದು ನುಗ್ಗಿದರೆ ಬಲ ಕೆಟ್ಟು ಧ್ವನಿ ವಿಕೃತವಾಗುತ್ತದೆ. ಇದಕ್ಕೆ ಉಪಾಯವೆಂದರೆ ದಾರಿಯಲ್ಲೇ ಬಹು ದೊಡ್ಡ ರೋಧವನ್ನಿಟ್ಟು, ಹಾಳೆಗೂ ಸುಲಭವಾಗಿ ವಿದ್ಯುತ್ ಹರಿಯದಂಥ ಲೇಪನ ಬಳಿಯುವುದು. ಹಾರ್ವರ್ಡಿನ ಫ್ರೆಡರಿಕ್ ಹಂಟ್ 1954ರ ತಮ್ಮ ಗ್ರಂಥದಲ್ಲಿ ಇದರ ಗಣಿತ ಕೊಟ್ಟರು. ಇಂಗ್ಲೆಂಡಿನ ಪೀಟರ್ ವಾಕರ್ 1955ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಈ ಬಗ್ಗೆ ಲೇಖನಮಾಲೆ ಬರೆದು, 1957ರಲ್ಲಿ ಕ್ವಾಡ್ ಸ್ಪೀಕರನ್ನು ಮಾರುಕಟ್ಟೆಗೆ ತಂದರು.

ಈ ದಾರಿಯನ್ನು ಮೊದಲೇ ಯೋಚಿಸಿದವರಲ್ಲಿ ಸುರುಳಿ ಸ್ಪೀಕರಿನ ಅದೇ ಕೆಲಾಗ್ ಕೂಡ ಒಬ್ಬರು ಎಂಬುದು ಸ್ವಾರಸ್ಯ. ಅವರ ಸ್ಥಾಯೀ ವಿದ್ಯುತ್ ಸ್ಪೀಕರಿಗೆ 1934ರಲ್ಲಿ ಪೇಟೆಂಟ್ ಸಿಕ್ಕಿತು. ತಕ್ಕ ಪ್ಲಾಸ್ಟಿಕ್ ಹಾಳೆ ಬರಲು ಮಾತ್ರ ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. ಹೆಡ್‌ಫೋನ್ ರೂಪದಲ್ಲಿ ಅದನ್ನು 1960ರಲ್ಲಿ ಮಾರಾಟಕ್ಕೆ ತಂದದ್ದು ಸ್ಟ್ಯಾಕ್ಸ್. 1968ರಲ್ಲಿ ಅಮೆರಿಕದ ಕಾಸ್ ಕಂಪನಿ ತನ್ನ ಮಾದರಿಯನ್ನು ತಂದಿತು. ಜರ್ಮನಿಯ ಸೆನ್‌ಹೈಸರ್ 1991ರ ಸುಮಾರಿಗೆ ತಂದ ‘ಆರ್ಫಿಯಸ್’ ಕೇವಲ 300ರಷ್ಟು ತಯಾರಾಯಿತು. 2015ರಲ್ಲಿ ಅದೇ ಕಂಪನಿ ಪ್ರಕಟಿಸಿದ ಹೊಸ ಮಾದರಿಯ ವರ್ಧಕವನ್ನು ಇಟಲಿಯ ಕರಾರ ಅಮೃತಶಿಲೆಯಲ್ಲಿ ಕೂರಿಸಿದ್ದಾರೆ. ಅದರ ಬೆಲೆಗೆ ನಮ್ಮ ಊರಿನಲ್ಲಿ ಕಾರು ಬರುತ್ತದೆ.

ವರ್ಧಕ ಎಂಬ ಬೆಂಕಿ

ಇಂಥ ಹೆಡ್‌ಫೋನನ್ನು ಮೊಬೈಲಿಗೆ ನೇರವಾಗಿ ಸಿಕ್ಕಿಸಲಾಗದು. ಸ್ಟ್ಯಾಕ್ಸ್ ಮಾದರಿಗಳು ನೂರು ಡೆಸಿಬೆಲ್‌ನಷ್ಟು ಜೋರಾಗಿ ನುಡಿಯಲು ಸುಮಾರು 100 ವೋಲ್ಟ್ ಸಂಕೇತ ಬೇಕು. ಬೇಕಾದ ವಿದ್ಯುತ್ ಪ್ರವಾಹ ಮಾತ್ರ ತೀರ ಕಡಿಮೆ. ಹೆಡ್‌ಫೋನ್ ಎಂದರೆ ಇಲ್ಲಿ ಸುಮಾರು 110 ಪೈಕೋಫ್ಯಾರಡ್‌ನ ಧಾರಕ ಅಷ್ಟೆ. ಪಿ.ಯು. ಓದುವವರು ಸೂತ್ರ ಹಾಕಿ ನೋಡಲಿ: ಹತ್ತು ಸಾವಿರ ಹರ್ಟ್ಸ್‌ನಲ್ಲಿ ಅದರ ಪ್ರತಿರೋಧ ಸುಮಾರು 1,45,000 ಓಮ್. ಪ್ರವಾಹ ಒಂದು ಮಿಲಿಆಂಪಿಯರ್ ಕೂಡ ಆಗದು.

ವೋಲ್ಟೇಜ್ ಪಡೆಯಲು ಎರಡು ದಾರಿಗಳಿವೆ. ಮೊದಲನೆಯದು, ಮನೆಯಲ್ಲಿರುವ ಸಾಮಾನ್ಯ ಆಂಪ್ಲಿಫೈಯರಿಗೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಜೋಡಿಸುವುದು. ಖರ್ಚು ಕಡಿಮೆ, ಆದರೆ ತಗ್ಗು ಸ್ವರಗಳಲ್ಲಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ತಣಿದು ನಿಲ್ಲುತ್ತದೆ, ಮೇಲಿನ ಸ್ವರಗಳಲ್ಲಿ ಅದರ ಸುರುಳಿಗಳೇ ಅಡ್ಡಿಯಾಗುತ್ತವೆ. ಎರಡನೆಯದು, ನೇರವಾಗಿ ನೂರಾರು ವೋಲ್ಟ್ ಹೊರಡಿಸುವ ವರ್ಧಕ. ಇಲ್ಲಿ ವಾಲ್ವ್‌ಗಳಿಗೆ ಇಂದಿಗೂ ಗೌರವವಿದೆ, ಏಕೆಂದರೆ ಹೆಚ್ಚು ವೋಲ್ಟೇಜ್, ಕಡಿಮೆ ಪ್ರವಾಹ ಎಂಬುದು ಅವುಗಳ ಹುಟ್ಟುಗುಣ. ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ರೇಡಿಯೋ ವಾಲ್ವ್‌ಗಳು ಹಿರಿಯರಿಗೆ ನೆನಪಿರಬಹುದು, ಅದೇ ವಂಶ. ಸ್ವಂತ ಕೈಯಿಂದ ಕಟ್ಟುವ ಹವ್ಯಾಸಿಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ಕೆವಿನ್ ಗಿಲ್ಮೋರ್ ಅವರ ‘ಬ್ಲೂ ಹವಾಯಿ’ ನಕ್ಷೆ. ಅದರಲ್ಲಿ ನಾಲ್ಕು ಇಎಲ್34 ವಾಲ್ವ್‌ಗಳು ದುಡಿಯುತ್ತವೆ.

ಹಾಳೆಗೆ ಬೇಕಾದ 580 ವೋಲ್ಟ್ ಹುಟ್ಟಿಸಲು ಡಯೋಡ್ ಮತ್ತು ಧಾರಕಗಳನ್ನು ಏಣಿಯಂತೆ ಜೋಡಿಸುವುದುಂಟು. 1932ರಲ್ಲಿ ಕೇಂಬ್ರಿಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಲಿಥಿಯಂ ಪರಮಾಣುವಿನ ಬೀಜವನ್ನು ಒಡೆಯಲು ಬಳಸಿದ ಏಣಿಯ ಪುಟಾಣಿ ತಮ್ಮ ಇದು.

ಕಟ್ಟುವುದು, ರಿಪೇರಿ ಮಾಡುವುದು

ಹವ್ಯಾಸಿಗಳು ತೂತು ಕೊರೆದ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡನ್ನೇ ತಟ್ಟೆಯಾಗಿ ಬಳಸುತ್ತಾರೆ. ಹಾಳೆಯನ್ನು ಬಿಗಿಯುವುದೇ ನಿಜವಾದ ಕಸುಬು. ಸಡಿಲವಾದರೆ ಅದು ತಟ್ಟೆಗೆ ಹೋಗಿ ಅಂಟಿಕೊಳ್ಳುತ್ತದೆ. ಅತಿಯಾಗಿ ಬಿಗಿದರೆ ಮೃದಂಗದ ಎಡಭಾಗವನ್ನು ಎಳೆದು ಕಟ್ಟಿದ ಹಾಗೆ ತಗ್ಗು ಸ್ವರ ಹೋಗಿಬಿಡುತ್ತದೆ. ಹಾಳೆಯ ಅಂಚನ್ನು ಸೈಕಲ್ ಟ್ಯೂಬಿನ ಮೇಲೆ ಅಂಟಿಸಿ, ಪಂಪು ಹೊಡೆದು ಎಲ್ಲ ಕಡೆಗೂ ಸಮನಾಗಿ ಎಳೆಯುವ ಜಾಣತನವನ್ನು ಯಾರಾದರೂ ಮೆಚ್ಚಬೇಕು.

ಅಂತರವನ್ನು ಇನ್ನೂ ಕಿರಿದು ಮಾಡಿ, ವೋಲ್ಟೇಜ್ ಹೆಚ್ಚಿಸಬಾರದೇ ಎಂದು ಕೇಳಬಹುದು. ಅರ್ಧ ಮಿಲಿಮೀಟರಿಗೆ 580 ವೋಲ್ಟ್ ಎಂದರೆ ಮಿಲಿಮೀಟರಿಗೆ 1160 ವೋಲ್ಟ್. ಒಣ ಗಾಳಿ ಸುಮಾರು 3000 ವೋಲ್ಟ್‌ಗೆ ಕಿಡಿ ಹಾರಿಸುತ್ತದೆ. ಇದರ ಮೇಲೆ ಹಾಡಿನ ವೋಲ್ಟೇಜ್ ಬೇರೆ ಸೇರಬೇಕು. ಅಂಚು ದೂರವೇನಿಲ್ಲ.

ರಿಪೇರಿಗೆ ಬರುವ ದೂರುಗಳಲ್ಲಿ ಒಂದು ಕಿವಿ ಮೆಲ್ಲಗಾಗುವುದು ಸಾಮಾನ್ಯ. ಎಡಬಲ ಸಂಕೇತಗಳನ್ನು ಅದಲು ಬದಲು ಮಾಡಿ ನೋಡಬೇಕು. ದೋಷವೂ ಜಾಗ ಬದಲಿಸಿದರೆ ತಪ್ಪು ವರ್ಧಕದ ಕಡೆಯದು. ಅದೇ ಕಿವಿಯಲ್ಲಿ ಉಳಿದರೆ ಹೆಡ್‌ಫೋನಿನದು. ಚಿಟಚಿಟ ಸದ್ದು, ಸಣ್ಣ ಶಿಳ್ಳೆ ಕೇಳಿದರೆ ಧೂಳನ್ನೋ ತೇವವನ್ನೋ ಶಂಕಿಸಬೇಕು. ಜುಲೈ ತಿಂಗಳಲ್ಲಿ ಶಾಲೆಯ ವಿದ್ಯುದ್ದರ್ಶಕದ ಎಲೆಗಳು ಬಿಚ್ಚಿಕೊಳ್ಳದೆ ಸತಾಯಿಸುವುದನ್ನು ಕರಾವಳಿ ಮತ್ತು ಮಲೆನಾಡಿನ ಮೇಷ್ಟ್ರುಗಳೆಲ್ಲ ಬಲ್ಲರು. ತೇವದ ಗಾಳಿಯಲ್ಲಿ ಆವೇಶ ಸೋರಿಹೋಗುವ ಅದೇ ಕಾಯಿಲೆ ಇದು. ಒಣಗಿದ ಜಾಗದಲ್ಲಿಟ್ಟರೆ ಎಷ್ಟೋ ಸಲ ತಾನಾಗಿ ಗುಣವಾಗುತ್ತದೆ. ಲೇಪನವೇ ಸವೆದಿದ್ದರೆ ಹೊಸ ಹಾಳೆ ಹಾಕದೆ ವಿಧಿಯಿಲ್ಲ.

ಇನ್ನೊಂದು ಜಾಣತನ ಪ್ಲಗ್ಗಿನಲ್ಲಿದೆ. ಸ್ಟ್ಯಾಕ್ಸ್‌ನ ಹಳೆಯ ಪ್ಲಗ್ಗಿಗೆ ಆರು ಕಡ್ಡಿ, ‘ಪ್ರೊ’ ಪ್ಲಗ್ಗಿಗೆ ಐದು. 230 ವೋಲ್ಟಿನ ಹೆಡ್‌ಫೋನನ್ನು 580ರ ಸಾಕೆಟ್ಟಿಗೆ ತುರುಕಲು ಆಗುವುದೇ ಇಲ್ಲ. ಗೀಸರಿನ ದಪ್ಪ ಪ್ಲಗ್ಗು ಸಣ್ಣ ಸಾಕೆಟ್ಟಿಗೆ ಹೋಗದಂತೆ ಮಾಡಿದ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ.

ಯಾವುದು ಉತ್ತಮ?

ಸ್ಥಾಯೀ ವಿದ್ಯುತ್ ಹೆಡ್‌ಫೋನಿನಲ್ಲಿ ತಂಬೂರಿಯ ಝೇಂಕಾರ, ವೀಣೆಯ ಮೀಟು, ಗಾಯಕರ ಉಸಿರು ಬಹಳ ಬಿಡಿಬಿಡಿಯಾಗಿ ಕೇಳುತ್ತವೆ ಎಂಬುದು ಅದನ್ನು ಮೆಚ್ಚುವವರ ಮಾತು. ಡೊಳ್ಳಿನ ಗುದ್ದು ಬೇಕೆನ್ನುವವರು ಅಯಸ್ಕಾಂತದ ಕಡೆಗೇ ನಿಲ್ಲುತ್ತಾರೆ. ಹೋಲಿಸಿ ನೋಡುವುದಾದರೆ ವಿಜ್ಞಾನದ ನಿಯಮ ಒಂದಿದೆ: ಎರಡರ ಜೋರನ್ನೂ ಮಾಪಕ ಹಿಡಿದು ಸರಿಸಮ ಮಾಡಿಕೊಳ್ಳಿ. ತುಸುವೇ ಜೋರಾಗಿರುವುದನ್ನು ಕಿವಿ ‘ಉತ್ತಮ’ ಎಂದುಬಿಡುತ್ತದೆ. ಬೆಲೆಚೀಟಿ ನೋಡಿದ ಮೇಲಂತೂ ಕೇಳುವುದೇ ಬೇಡ. ಬಟ್ಟು ಸರಿಯಿಲ್ಲದ ತಕ್ಕಡಿಯಲ್ಲಿ ಬಂಗಾರ ತೂಗಬಾರದು.

ತಂದೆತಾಯಂದಿರಿಗೆ ಎರಡು ಮಾತು

ಹಳೆಯ ರೇಡಿಯೋ, ಕೆಟ್ಟ ಇಯರ್‌ಫೋನ್ ಬಿಚ್ಚಿ ಕೂತ ಮಗುವನ್ನು ಗದರಬೇಡಿ. ಆದರೆ ಈ ವರ್ಧಕಗಳ ವಿಷಯ ಬೇರೆ. ಹಾಳೆಗೆ ಹೋಗುವ 580 ವೋಲ್ಟ್ ಐವತ್ತು ಲಕ್ಷ ಓಮ್‌ನಂಥ ರೋಧದ ಹಿಂದಿರುವುದರಿಂದ ಮಿಲಿಆಂಪಿಯರಿನ ಒಂಬತ್ತನೇ ಒಂದು ಭಾಗದಷ್ಟೇ ಹರಿಯಬಲ್ಲದು. ವರ್ಧಕದ ಒಳಗಿರುವ ಧನ 400, ಋಣ 400 ವೋಲ್ಟ್‌ಗಳಿಗೆ ಅಂಥ ಕಾವಲಿಲ್ಲ. ಅದು ಪ್ರಾಣ ತೆಗೆಯಬಲ್ಲದು. ಸ್ವಿಚ್ ಆರಿಸಿದ ಮೇಲೂ ಧಾರಕಗಳಲ್ಲಿ ಆವೇಶ ಕೂತಿರುತ್ತದೆ. ಅನುಭವಿ ತಂತ್ರಜ್ಞರು ಪಕ್ಕದಲ್ಲಿಲ್ಲದೆ ಯಾವ ವಿದ್ಯಾರ್ಥಿಯೂ ಇದನ್ನು ಮುಟ್ಟಕೂಡದು.

ಅಪಾಯವಿಲ್ಲದೆ ಇದೇ ತತ್ವ ಕಲಿಯಲು ಎಲೆಕ್ಟ್ರೆಟ್ ಮೈಕ್ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಆವೇಶವನ್ನು ಪ್ಲಾಸ್ಟಿಕ್ಕಿನಲ್ಲೇ ಶಾಶ್ವತವಾಗಿ ಸೆರೆಹಿಡಿದ ಈ ಮೈಕನ್ನು 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದರು. ಒಂದೆರಡು ಟಾರ್ಚ್ ಸೆಲ್, ಒಂದು ರೋಧಕ ಇದ್ದರೆ ಅದು ಕೆಲಸ ಮಾಡುತ್ತದೆ. ಹಳೆಯದೊಂದನ್ನು ಬಿಚ್ಚಿ ನೋಡಿ: ಒಳಗಿರುವುದು ಹಾಳೆ, ತಟ್ಟೆ, ನಡುವೆ ಗಾಳಿ.

ಕೊನೆಯದು ಕಿವಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಅದು 75 ಡೆಸಿಬೆಲ್. ಪ್ರತಿ ಮೂರು ಡೆಸಿಬೆಲ್ ಏರಿದಾಗ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ತಲಪಿದರೆ ವಯಸ್ಕರಿಗೂ ಉಳಿಯುವುದು ವಾರಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷ ಮಾತ್ರ. ಹರಿದ ಹಾಳೆಯನ್ನು ಬದಲಿಸಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಅವನ್ನು ಹೊಸದಾಗಿ ಹಾಕಿಕೊಡುವ ರಿಪೇರಿಯವರು ಇನ್ನೂ ಹುಟ್ಟಿಲ್ಲ.